ಸನ್ಮಾನ ಮಾಡಿದ್ದು ಸರಿ, ಆ ಕಲ್ಲನ್ನು ಬೆಳಗುವವರು ಯಾರು?

ಹೊಟ್ಟೆ ಉರಿಯಿತು. ಜರ್ಮನಿಯ ಯಾವುದೋ ಬೀದಿಯಲ್ಲಿ ಸ್ಟೋಲ್ಪರ್‌ಸ್ಟೈನ್ ಎಂಬ ನೆನಪಿನ ಕಲ್ಲೊಂದನ್ನು ಸ್ಟೀಲ್ ಬ್ರಷ್ ಹಿಡಿದು ಗರಗರ ಉಜ್ಜುವ ವಿಡಿಯೊ ಈಗಷ್ಟೇ ನೋಡಿದೆ. ಕೆಳಗೆ ಕೈಮುಗಿದ ಇಮೋಜಿಗಳ ಸಾಲು.

ನಾಜಿಗಳು ಹೊತ್ತೊಯ್ದವರ ಕೊನೆಯ ಮನೆಯ ಮುಂದೆ ಫುಟ್‌ಪಾತಿನಲ್ಲಿ ಹೂಳುವ, ಹತ್ತು ಸೆಂಟಿಮೀಟರಿನ ಕಾಂಕ್ರೀಟ್ ತುಂಡು ಇದು. ಮೇಲೆ ಹಿತ್ತಾಳೆ ತಗಡು. ಹೆಸರು, ಹುಟ್ಟಿದ ವರ್ಷ, ಆದ ಗತಿಯನ್ನು ಕೈಯಿಂದಲೇ ಒಂದೊಂದಕ್ಷರ ಬಡಿದು ಮೂಡಿಸುತ್ತಾರೆ. ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಶುರುಮಾಡಿದ ಈ ಕೆಲಸ 2023ರಲ್ಲಿ ಲಕ್ಷ ಕಲ್ಲು ದಾಟಿತು.

ಮಾರ್ಗೊಟ್ ಫ್ರೀಡ್‌ಲೆಂಡರ್ ನಿಮಗೆ ಗೊತ್ತಿರಬೇಕು, ನಾಜಿಗಳ ಕೈಯಿಂದ ಬದುಕುಳಿದ ಬರ್ಲಿನ್‌ನ ಯಹೂದಿ ಮಹಿಳೆ. 1943ರ ಜನವರಿಯಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರ ತಮ್ಮನನ್ನು ಹಿಡಿದೊಯ್ದಿತು. ಮಗನ ಜೊತೆ ಇರಲೆಂದು ತಾಯಿ ತಾವಾಗಿಯೇ ಹೋಗಿ ಶರಣಾದರು. ಇಬ್ಬರೂ ಆಶ್ವಿಟ್ಜ್ ಸಾವಿನ ಕ್ಯಾಂಪಿನಲ್ಲಿ ಹತರಾದರು. ಮಾರ್ಗೊಟ್ ಬರ್ಲಿನ್‌ನಲ್ಲೇ ತಲೆಮರೆಸಿಕೊಂಡು 1944ರಲ್ಲಿ ಸಿಕ್ಕಿಬಿದ್ದರು, ಥೆರೇಸಿಯನ್‌ಸ್ಟಾಟ್‌ ಕ್ಯಾಂಪಿನಿಂದ ಬದುಕಿ ಬಂದರು. ಅಮೆರಿಕದಲ್ಲಿ ದಶಕಗಳನ್ನು ಕಳೆದು, 88ನೇ ವಯಸ್ಸಿನಲ್ಲಿ ಬರ್ಲಿನ್‌ಗೇ ವಾಪಸಾಗಿ ಶಾಲೆ ಶಾಲೆಗೆ ಹೋಗಿ ಮಕ್ಕಳ ಜೊತೆ ಮಾತಾಡಿದರು. 2018ರಲ್ಲಿ ನಗರ ಗೌರವ ಪೌರತ್ವ ಕೊಟ್ಟಿತು. 2025ರ ಮೇನಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸನ್ಮಾನಗಳೆಲ್ಲ ಅವರಿಗೆ ಸಲ್ಲಬೇಕಾದವೇ. ಆದರೆ ಬರ್ಲಿನ್‌ನ ಸ್ಕಾಲಿಟ್ಜರ್ ಬೀದಿಯ 32ನೇ ನಂಬರಿನ ಮುಂದೆ ಅವರ ತಾಯಿ, ತಮ್ಮನ ಕಲ್ಲುಗಳಿವೆ. ಮಗಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟುವ ಊರು, ಅಂಥ ಕಲ್ಲುಗಳ ಮುಂದೆ ವರ್ಷಕ್ಕೆರಡು ಸಲ ಮೊಣಕಾಲೂರಬೇಡವೇ?

"ಹೆಸರನ್ನು ತುಳಿಯುವುದೇ ಅವಮಾನ" ಎನ್ನುವವರಿದ್ದಾರೆ. ನಾಜಿ ಹತ್ಯಾಕಾಂಡದಿಂದ ತಾವೇ ಬದುಕುಳಿದ, ಮ್ಯೂನಿಕ್‌ನ ಯಹೂದಿ ನಾಯಕಿ ಶಾರ್ಲೊಟ್ ಕ್ನೋಬ್ಲೋಖ್ ಅವರ ವಾದವೂ ಇದೇ. ಹಾಗಾಗಿ ಮ್ಯೂನಿಕ್‌ನ ಸಾರ್ವಜನಿಕ ಜಾಗದಲ್ಲಿ ಈ ಕಲ್ಲುಗಳಿಗೆ ಅನುಮತಿಯಿಲ್ಲ, ಗೋಡೆಗೋ ಕಂಬಕ್ಕೋ ಫಲಕ ಹಾಕುತ್ತಾರೆ. ಅವರ ನೋವಿಗೆ ತಲೆಬಾಗುತ್ತೇನೆ. ಆದರೆ ಈಗಾಗಲೇ ಹೂತ ಕಲ್ಲು ಓದಲಾಗದಷ್ಟು ಕಪ್ಪಾಗುವುದಕ್ಕೆ ಆ ವಾದ ನೆಪವಾಗಬಾರದು.

ಜರ್ಮನಿಯಲ್ಲಿರುವ ನಮ್ಮವರೇ, ಕೆಲಸ ಬಹಳ ಸುಲಭ. ಮೊದಲು ನೀರು ಹಾಕಿ, ಮೆತ್ತನೆಯ ಬ್ರಷ್‌ನಿಂದ ಮಣ್ಣು, ಮರಳನ್ನು ತೆಗೆಯಿರಿ. ಮರಳು ಉಳಿದರೆ ಅದೇ ಉಪ್ಪುಕಾಗದವಾಗಿ ತಗಡನ್ನು ಗೀರುತ್ತದೆ. ಸುತ್ತಲಿನ ಕಲ್ಲುಹಾಸಿಗೆ ಪೇಂಟರ್ ಟೇಪ್ ಹಚ್ಚಿ, ಪಾಲಿಶ್ ಕಲೆ ಬೀಳದಿರಲಿ. ಒಂದು ಕಲ್ಲಿಗೆ ಕಡಲೆಕಾಳಿನಷ್ಟು ಹಿತ್ತಾಳೆ ಪಾಲಿಶ್ ಸಾಕು. ಹತ್ತಿಬಟ್ಟೆಯಲ್ಲಿ ತಿಕ್ಕಿ, ಕೆಲವು ನಿಮಿಷ ಬಿಟ್ಟು, ಬೇರೆ ಬಟ್ಟೆಯಿಂದ ಒರೆಸಿ. ಅಕ್ಷರದ ಸಂದಿಯಲ್ಲಿ ಬಿಳಿ ಪುಡಿ ಉಳಿದರೆ ಹಳೆಯ ಟೂತ್‌ಬ್ರಷ್. ಸಂದಿಯ ಕಪ್ಪನ್ನು ಕೆದಕಬೇಡಿ, ಅದರಿಂದಲೇ ಅಕ್ಷರ ಎದ್ದು ಕಾಣುವುದು.

ಸ್ಟೀಲ್ ಬ್ರಷ್, ಸ್ಟೀಲ್ ವೂಲ್ ಬೇಡವೇ ಬೇಡ. ಗೀರುಗಳಲ್ಲಿ ಕೊಳೆ, ತೇವ ಕೂತು ಮತ್ತೂ ಬೇಗ ಕಪ್ಪಾಗುತ್ತದೆ. ನಮ್ಮಮ್ಮಂದಿರು ಹಿತ್ತಾಳೆ ಚೊಂಬನ್ನು ಬೆಳಗಿದಂತೆ ಹುಣಸೆಹುಳಿ, ವಿನೆಗರ್ ಹಾಕಿದರೂ ಹೊಳಪು ಬರುತ್ತದೆ ನಿಜ. ಆದರೆ ಚೊಂಬನ್ನು ಪೂರ್ತಿ ತೊಳೆಯಬಹುದು, ನೆಲದಲ್ಲಿ ಹೂತ ಕಲ್ಲನ್ನು ತೊಳೆಯುವುದು ಕಷ್ಟ. ಉಳಿದ ಹುಳಿ ಹಿತ್ತಾಳೆಯ ಸತುವನ್ನು ಕರಗಿಸಿ ಕೆಂಪು ಮಚ್ಚೆ ಮಾಡುತ್ತದೆ, ಕಾಂಕ್ರೀಟನ್ನೂ ತಿನ್ನುತ್ತದೆ.

ಆಶ್ವಿಟ್ಜ್ ಬಿಡುಗಡೆಯಾದ ಜನವರಿ 27, 1938ರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ನವೆಂಬರ್ 9ಕ್ಕೆ ಅನೇಕ ಊರುಗಳಲ್ಲಿ ಜನ ಸೇರಿ ಬೆಳಗುತ್ತಾರೆ, ನೀವೂ ಸೇರಿಕೊಳ್ಳಿ. ಮಾರ್ಚ್‌ನಲ್ಲೂ ಒಮ್ಮೆ ಹೋದರೆ ಒಳ್ಳೆಯದು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಎರಚಿದ ಉಪ್ಪು ಆಗಲೂ ತಗಡಿನ ಮೇಲೆ ಕೂತಿರುತ್ತದೆ.