ಹುಳದ ಮನೆಯ ಬಾಲ್ಯ ಮತ್ತೆ ಬೇಕಾ?

ಪರ: ತಮ್ಮ

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಅರ್ಧ ಮನೆ ರೇಷ್ಮೆ ಹುಳಕ್ಕೆ, ಉಳಿದದ್ದು ನಮಗೆ. ರಾತ್ರಿ ದೀಪ ಆರಿಸಿದ ಮೇಲೆ ತಟ್ಟೆಗಳಿಂದ ಹುಳ ಸೊಪ್ಪು ತಿನ್ನುವ ಸರಸರ ಸದ್ದು ಬರುತ್ತಿತ್ತು, ಹೊರಗೆ ಸೋನೆ ಹಿಡಿದ ಹಾಗೆ. ನಮ್ಮ ಬಯಲುಸೀಮೆಯಲ್ಲಿ ಮಳೆಯ ಸದ್ದು ಜಾಸ್ತಿ ಕೇಳಿದ್ದು ಹಾಗೆಯೇ!

ಬೇಲಿಯಂಚಿನಲ್ಲಿ ಸವರದೆ ಬಿಟ್ಟ ಹಿಪ್ಪುನೇರಳೆ ಗಿಡದಲ್ಲಿ ಹಣ್ಣು ಬಿಡುತ್ತಿತ್ತು. ತಿಂದು ನಾಲಿಗೆ ಬಣ್ಣ ಮಾಡಿಕೊಂಡು ಒಣಗಿದ ಕೆರೆಯಂಗಳಕ್ಕೆ ಚಿನ್ನಿದಾಂಡು ಆಡಲು ಓಡುತ್ತಿದ್ದೆ. ರೇಷ್ಮೆ ಗೂಡು ಮಾರಿ ಬಂದ ದಿನ ಅಪ್ಪ ಮೈಸೂರು ಪಾಕು ತರುತ್ತಿದ್ದರು. ರೇಟು ಬಿದ್ದಿದ್ದರೆ ಖಾರಾಬೂಂದಿ. ನಮಗೆ ಎರಡೂ ಹಬ್ಬವೇ. ರೇಟಿನ ಚಿಂತೆ ಅವರದು, ಪೊಟ್ಟಣ ನಮ್ಮದು. ಈಗ ಆ ರೇಟು ನಾನೇ ನೋಡಬೇಕು. ಅದಕ್ಕೇ ಹೇಳುವುದು, ಹಿಂದೆ ಕಳಿಸುತ್ತೇನೆ ಅಂದರೆ ಇವತ್ತೇ ಹೊರಟೆ.

ವಿರೋಧ: ಅಕ್ಕ

ಅವನು ಹೇಳಿದ್ದು ಸುಳ್ಳಲ್ಲ. ಚಿನ್ನಿದಾಂಡು ಆಡಿದ್ದು ಅವನು, ಸೊಪ್ಪು ಕುಯ್ದದ್ದು ನಾನು, ಅಷ್ಟೇ. ಮಳೆಯ ಸದ್ದು ಅಂತಾನಲ್ಲ, ಅದು ನಿಂತರೆ ಎದ್ದು ಸೊಪ್ಪು ಹಾಕಬೇಕಿತ್ತು.

ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಏಳೆಂಟು ದಿನ ತಿನ್ನುವುದೇ ತಿನ್ನುವುದು. (ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡಲು ತಿನ್ನದೆ ಮಲಗುವುದು.) ಒಂದು ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಆ ವಾರಕ್ಕೇ ಹೋಗುತ್ತದೆ. ಆಮೇಲೆ ಹಣ್ಣಾದ ಹುಳ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಕಂಡರೆ ಹಣ್ಣು ಅಂತ ಲೆಕ್ಕ. ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ನಾನು ಈ ಲೆಕ್ಕ ಮಾಡುತ್ತಿದ್ದೆ. ಆಗಲ್ಲ ಅನ್ನಬಹುದು ಅಂತಲೇ ಗೊತ್ತಿರಲಿಲ್ಲ. ನಿನಗೆ ಪರೀಕ್ಷೆ ಇದೆಯಾ ಅಂತ ಯಾರೂ ಕೇಳಲೂ ಇಲ್ಲ.

14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಅಂತ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ. ಸ್ಕೂಲು ಬಿಟ್ಟ ಮೇಲೆ, ರಜೆಯಲ್ಲಿ, ಮನೆಯ ಕಸುಬಿಗೆ ಕೈಜೋಡಿಸಬಹುದು ಅಂತಲೂ ಅದರಲ್ಲೇ ಇದೆ. ಸ್ಕೂಲಿನ ಟೈಮು ಹುಳಕ್ಕೆ ಯಾರು ಹೇಳಬೇಕು?

ಅಪ್ಪ ಅಮ್ಮನ ಮೇಲೆ ಸಿಟ್ಟಿಲ್ಲ. ಆಳು ಇಟ್ಟಿದ್ದರೆ ಗೂಡಿನ ದುಡ್ಡು ಕೂಲಿಗೇ ಸರಿಹೋಗುತ್ತಿತ್ತು. ಆದರೆ ಈಗ ನನ್ನ ಸಂಬಳ ನನ್ನ ಕೈಲಿದೆ. ಬೇಕಾದರೆ ರಾತ್ರಿ ಎಂಟಕ್ಕೇ ಮಲಗುತ್ತೇನೆ, ಯಾರೂ ಎಬ್ಬಿಸುವುದಿಲ್ಲ. ಮೈಸೂರು ಪಾಕು ಬೇಕು ಅನ್ನಿಸಿದ ದಿನ ನಾನೇ ಹೋಗಿ ಕಾಲು ಕೆಜಿ ಕಟ್ಟಿಸಿಕೊಂಡು ಬರುತ್ತೇನೆ. ತಮ್ಮನಿಗೂ ಒಂದು ತುಂಡು ಕೊಡುತ್ತೇನೆ, ಕೇಳಿದರೆ.