ಕಾನೂನು ಬೇಕು, ಸಾಕ್ಷಿಗಳಿಗೆ ಕಾವಲೂ ಬೇಕು

ಕೊಲೆ ಅಂದರೆ ಕೊಲೆ, ಅದಕ್ಕೆ ದ್ವೇಷದ ಹೆಸರಲ್ಲಿ ಬೇರೆ ಕಾನೂನು ಯಾಕೆ ಅಂತ, ಜಾತಿ-ಧರ್ಮದ ದ್ವೇಷದಿಂದ ನಡೆಯುವ ಅಪರಾಧಗಳಿಗೆ ಪ್ರತ್ಯೇಕ ಕಾನೂನು ಬೇಡ ಅನ್ನುವ ಲೇಖನವೊಂದರಲ್ಲಿ ಅದರ ಲೇಖಕರು ಕೇಳಿದ್ದಾರೆ. ಆದರೆ ಉದ್ದೇಶ ನೋಡುವುದು ಕಾನೂನಿಗೆ ಹೊಸದೇನಲ್ಲ. ಕೈತಪ್ಪಿ ಆದ ಸಾವಿಗೂ ಹೊಂಚು ಹಾಕಿ ಮಾಡಿದ ಕೊಲೆಗೂ ಶಿಕ್ಷೆ ಒಂದೇ ಅಲ್ವಲ್ಲ?

ನಮ್ಮಲ್ಲಿ 1989ರಿಂದಲೇ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆ. ಜಾತಿಯ ಸಿಟ್ಟಿಗೆ ಒಂದು ಕೇರಿಗೆ ಬೆಂಕಿ ಹಚ್ಚಿದರೆ ಪಕ್ಕದೂರಿನ ಕೇರಿಯವರಿಗೂ ಆ ರಾತ್ರಿ ನಿದ್ದೆ ಬರಲ್ಲ. ಮಾಮೂಲಿ ಜಗಳದಲ್ಲಿ ಹಾಗಾಗುವುದಿಲ್ಲ. ಬೇರೆ ಕಾನೂನು ಬೇಕಾಗುವುದು ಅದಕ್ಕೇ.

ನನ್ನ ತಕರಾರು ಬೇರೆ. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಕಾಯ್ದೆ ಆಗಲೂ ಇತ್ತು. ಸಾಕ್ಷಿಗಳು ಹೇಳಿಕೆ ಬದಲಿಸಿದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ! ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಅಲ್ಲಿ ಜಿಲ್ಲಾ ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಅದೂ ಹತ್ತು ವರ್ಷ ಆದಮೇಲೆ. ಕಾಯ್ದೆ ಅದೇ, ಫಲ ಮಾತ್ರ ಎಷ್ಟು ಬೇರೆ ನೋಡಿ.

ಈ ಕಾಯ್ದೆಯ ದುರ್ಬಳಕೆ ಆಗಲ್ಲ ಅಂತ ನಾನು ಹೇಳುವುದಿಲ್ಲ. ಇದರಲ್ಲಿ ನಿರೀಕ್ಷಣಾ ಜಾಮೀನೇ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನೇ ಇಲ್ಲ ಅನ್ನುವ ಭಯ ಜಾಸ್ತಿ ಜನಕ್ಕಿದೆ. ಆದರೆ ಮೇಲ್ನೋಟಕ್ಕೇ ಕೇಸು ನಿಲ್ಲದಿದ್ದರೆ ಆ ಜಾಮೀನು ಕೊಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸುಮ್ನೆ ಶಿಕ್ಷೆ ಏರಿಸುತ್ತಾ ಹೋದರೆ ಸಾಲದು. 2015ರ ತಿದ್ದುಪಡಿಯಲ್ಲಿ ಸಂತ್ರಸ್ತರ, ಸಾಕ್ಷಿಗಳ ಹಕ್ಕುಗಳಿಗೆ ಅಂತಲೇ ಒಂದು ಅಧ್ಯಾಯ ಇದೆ. ಎಷ್ಟು ಪೊಲೀಸ್ ಠಾಣೆಗಳಲ್ಲಿ ಅದು ನಡೆಯುತ್ತಿದೆ ಅಂತ ಲೇಖಕರು ವಿಚಾರಿಸಿ ಬರೆಯಲಿ.