ನಂದಿಸಿ, ಆದರೆ ನಮ್ಮ ಖರ್ಚಿನಲ್ಲಿ ಬೇಡ

ಸ್ಥಳೀಯ ತೆರಿಗೆಯನ್ನು ಕೊಂಚ ಏರಿಸಿ, ಬಂದ ಹಣವನ್ನು ಅಗ್ನಿಶಾಮಕ ದಳಕ್ಕೆ ಕೊಡಬೇಕೆಂಬ ಪ್ರಸ್ತಾವ ಯಾವ ಊರಿನಲ್ಲಿ ಎದ್ದರೂ ಮೊದಲು ನಡೆಯುವ ಶಾಸ್ತ್ರ ಜನಾಭಿಪ್ರಾಯ ಸಂಗ್ರಹ. ಕರೆ ಮಾಡಿದ ಕೆಲವೇ ನಿಮಿಷಗಳಲ್ಲಿ ವಾಹನ ನಿಮ್ಮ ಬಾಗಿಲಿಗೆ ಬರಬೇಕೇ ಎಂಬುದು ಪ್ರಶ್ನಾವಳಿಯ ಮೊದಲ ಪ್ರಶ್ನೆ. ಬರಲೇಬೇಕು ಎಂದು ಊರಿಗೆ ಊರೇ ಒಕ್ಕೊರಲಿನಿಂದ ಹೇಳುತ್ತದೆ. ಅದಕ್ಕಾಗಿ ವರ್ಷಕ್ಕೆ ಇಷ್ಟು ಹೆಚ್ಚಿಗೆ ಕಟ್ಟುವಿರಾ ಎಂಬುದು ಎರಡನೆಯ ಪ್ರಶ್ನೆ. ಅಲ್ಲಿಗೆ ಬರುವಷ್ಟರಲ್ಲಿ ಊರಿಗೆ ಊರೇ ಕನ್ನಡಕ ಹುಡುಕಲು ಶುರುಮಾಡುತ್ತದೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಎರಡೂ ಉತ್ತರಗಳನ್ನು ಸಮನಾಗಿ ಗೌರವಿಸುವುದು ಪ್ರಜಾಪ್ರಭುತ್ವದ ಧರ್ಮವಾದ್ದರಿಂದ ಆಡಳಿತವು ಮೊದಲನೆಯ ಉತ್ತರವನ್ನು ಭಾಷಣಕ್ಕೂ ಎರಡನೆಯ ಉತ್ತರವನ್ನು ಆಯವ್ಯಯಕ್ಕೂ ಬಳಸಿಕೊಂಡು, ಜನರ ಇಚ್ಛೆಯನ್ನು ಪೂರ್ಣವಾಗಿ ಈಡೇರಿಸಿದ ಸಮಾಧಾನದಲ್ಲಿ ಮಲಗುತ್ತದೆ.

ಆಕ್ಷೇಪಣೆಗಳಲ್ಲಿ ಅಗ್ರಸ್ಥಾನ ಪಡೆಯುವುದು, ನಮ್ಮ ಬೀದಿಯಲ್ಲಿ ಇದುವರೆಗೆ ಬೆಂಕಿಯೇ ಬಿದ್ದಿಲ್ಲ ಎಂಬ ವಾದ. ಇದನ್ನು ಮಂಡಿಸುವವರ ದನಿಯಲ್ಲಿ ತುಸು ಹೆಮ್ಮೆಯೂ ಇರುತ್ತದೆ. ಬೀಳದ ಬೆಂಕಿಗೆ ತಾವೇ ಕಾರಣರೆಂಬಂತೆ ಮಾತನಾಡುತ್ತಾರೆ. ಅದರ ಹಿಂದೆಯೇ ಬರುವುದು, ಠಾಣೆಯಲ್ಲಿ ಸಿಬ್ಬಂದಿ ಸುಮ್ಮನೆ ಕೂತು ಸಂಬಳ ಎಣಿಸುತ್ತಾರೆ ಎಂಬ ದೂರು. ದೂರು ಸುಳ್ಳಲ್ಲ. ಕಾದು ಕೂರುವುದೇ ಅವರ ಕೆಲಸದ ಬಹುಪಾಲು, ಮತ್ತು ಈ ಕಾಯುವಿಕೆಯೇ ಅತ್ಯಂತ ದುಬಾರಿಯಾದದ್ದು. ವರ್ಷಕ್ಕೆ 8,760 ಗಂಟೆಗಳಿವೆ; ರಜೆ, ವಾರದ ಬಿಡುವು, ತರಬೇತಿ ಕಳೆದರೆ ಒಬ್ಬ ಮನುಷ್ಯ ದುಡಿಯಬಲ್ಲದ್ದು ಹೆಚ್ಚೆಂದರೆ ಎರಡು ಸಾವಿರ ಗಂಟೆಗಳ ಆಸುಪಾಸು. ಆದ್ದರಿಂದ ಹಗಲಿರುಳೂ ಒಂದು ಆಸನ ಖಾಲಿ ಇರಬಾರದೆಂದರೆ ನಾಲ್ಕೈದು ಮಂದಿ ಬೇಕು, ನಾಲ್ವರು ಕೂರುವ ಒಂದೇ ಒಂದು ವಾಹನಕ್ಕೆ ಇಪ್ಪತ್ತರ ಹತ್ತಿರ ಜನ ಬೇಕು. ಈ ಲೆಕ್ಕ ಕೇಳಿ ತೆರಿಗೆದಾರನಿಗೆ ತಲೆ ಸುತ್ತುವುದು ಸಹಜ. ಬೆಂಕಿಯು ಕಚೇರಿಯ ವೇಳೆಯಲ್ಲಿ, ಅಂದರೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಊಟದ ವಿರಾಮ ಬಿಟ್ಟು, ಮೂರು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟು ಬೀಳುವುದಾದರೆ ಒಂದೇ ಪಾಳಿ ಸಾಕಾದೀತು. ಆದರೆ ಈ ಬಗ್ಗೆ ಬೆಂಕಿಯ ಅಭಿಪ್ರಾಯವನ್ನು ಯಾರೂ ಸಂಗ್ರಹಿಸಿದಂತಿಲ್ಲ.

ಬೆಂಕಿಗಂತೂ ಈಚೆಗೆ ಸಹನೆ ಕಡಿಮೆಯಾಗಿದೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಎರಡು ಕೋಣೆಗಳನ್ನು ಸಜ್ಜುಗೊಳಿಸಿ ಬೆಂಕಿ ಹಚ್ಚಿ ನೋಡಿತು. ಹಳೆಯ ಕಾಲದ ಹತ್ತಿ, ಮರದ ಪೀಠೋಪಕರಣಗಳಿದ್ದ ಕೋಣೆ ಪೂರ್ತಿ ಜ್ವಾಲೆಗೆ ತುತ್ತಾಗಲು 29 ನಿಮಿಷ ಮೀರಿ ಹಿಡಿಯಿತು. ಕೃತಕ ಫೋಮು, ಕೃತಕ ನೂಲಿನ ಸೋಫಾ ಇದ್ದ ಇಂದಿನ ಕೋಣೆಗೆ ಸಾಕಾದದ್ದು 3 ನಿಮಿಷ 40 ಸೆಕೆಂಡು. ಅದೇ ದೇಶದ ಅಗ್ನಿ ಸುರಕ್ಷತಾ ಸಂಘದ 1710ನೇ ಮಾನದಂಡವು ಸಿಬ್ಬಂದಿ ಸಜ್ಜಾಗಿ ಹೊರಡಲು 80 ಸೆಕೆಂಡು, ಮೊದಲ ವಾಹನ ಸ್ಥಳ ಮುಟ್ಟಲು 240 ಸೆಕೆಂಡು ಗೊತ್ತುಮಾಡಿದೆ. ಕೂಡಿದರೆ 5 ನಿಮಿಷ 20 ಸೆಕೆಂಡು. ಅಂದರೆ ಎಲ್ಲರೂ ನಿಯಮದಂತೆ ನಡೆದುಕೊಂಡರೂ ಸೋಫಾವೇ ಮೊದಲು ಗೆಲ್ಲುತ್ತದೆ. ಇಂಥ ಸೋಫಾಕ್ಕೆ ಹಣ ಕೊಡುವಾಗ ನಾವು ಜನಾಭಿಪ್ರಾಯ ಕೇಳಿರಲಿಲ್ಲ, ಕಂತಿನ ಮೇಲೆ ತಂದಿದ್ದೆವು.

ಬೇಕಾದವರು ಕಟ್ಟಿಕೊಳ್ಳಲಿ, ಬೇಡವಾದವರನ್ನು ಬಿಟ್ಟುಬಿಡಿ ಎಂಬ ಸಲಹೆಯೂ ಪ್ರತಿ ಅಹವಾಲು ಸಭೆಯಲ್ಲಿ ಕೇಳಿಬರುತ್ತದೆ, ಮತ್ತು ಅದಕ್ಕೆ ಚಪ್ಪಾಳೆ ಬೀಳದ ಸಭೆಯನ್ನು ನಾನು ಕಾಣೆ. ಈ ಸಲಹೆಯನ್ನು ಅಕ್ಷರಶಃ ಪಾಲಿಸಿದ ಊರೊಂದಿದೆ. ಅಮೆರಿಕದ ಟೆನೆಸ್ಸೀ ರಾಜ್ಯದ ಓಬಿಯನ್ ಕೌಂಟಿಯಲ್ಲಿ, ಸೌತ್ ಫುಲ್ಟನ್ ನಗರದ ಎಲ್ಲೆಯಿಂದಾಚೆ ಇದ್ದವರು ನಗರದ ಅಗ್ನಿಶಾಮಕ ಸೇವೆ ಬೇಕೆಂದರೆ ವರ್ಷಕ್ಕೆ 75 ಡಾಲರ್ ಕಟ್ಟಬೇಕಿತ್ತು. 2010ರಲ್ಲಿ, ಶುಲ್ಕ ಕಟ್ಟದ ಮನೆಯೊಂದಕ್ಕೆ ಬೆಂಕಿ ತಗುಲಿದಾಗ, ಖರ್ಚು ಎಷ್ಟಾದರೂ ಕೊಡುತ್ತೇವೆಂದು ಮನೆಯವರು ಫೋನಿನಲ್ಲಿ ಅಂಗಲಾಚಿದರೂ ದಳ ಕದಲಲಿಲ್ಲ. ಬೆಂಕಿ ಶುಲ್ಕ ಕಟ್ಟಿದ್ದ ನೆರೆಯವರ ಜಮೀನಿಗೆ ಹಬ್ಬಿದ ಮೇಲೆ ವಾಹನ ಬಂದು, ಆ ಜಮೀನನ್ನು ಒದ್ದೆ ಮಾಡಿ, ಪಕ್ಕದಲ್ಲೇ ಉರಿಯುತ್ತಿದ್ದ ಮನೆಯನ್ನು ನೋಡುತ್ತ ನಿಂತಿತು. ಒಳಗಿದ್ದ ಸಾಕುಪ್ರಾಣಿಗಳು ಸತ್ತವು. ಮರುವರ್ಷ ಇನ್ನೊಂದು ಮನೆಗೂ ಇದೇ ಗತಿಯಾಯಿತು. ದೇಶವೆಲ್ಲ ದಳದವರನ್ನು ಶಪಿಸಿತು, ಅವರೋ ಪಟ್ಟಿ ನೋಡಿ ಕೆಲಸ ಮಾಡಿದ್ದರು ಅಷ್ಟೆ. ಚಪ್ಪಾಳೆ ತಟ್ಟಿದ ಸಭೆಯ ನಿರ್ಣಯ ನೀರಿನ ಕೊಳವೆಯ ತುದಿಗೆ ಬಂದಾಗ ಕಾಣುವುದು ಹೀಗೆಯೇ, ಮತ್ತು ಆಗ ಅದನ್ನು ಯಾರೂ ತಮ್ಮದೆಂದು ಗುರುತಿಸುವುದಿಲ್ಲ.

ಇದಕ್ಕಿಂತ ಶುದ್ಧವಾದ ಖಾಸಗಿ ಮಾದರಿ ಬೇಕೆನ್ನುವವರು ಪ್ರಾಚೀನ ರೋಮಿಗೆ ಹೋಗಬಹುದು. ಅಲ್ಲಿ ಕ್ರಾಸಸ್ ಎಂಬ ಶ್ರೀಮಂತ, ಉರಿಯುವ ಮನೆಯನ್ನೂ ಅದರ ಅಕ್ಕಪಕ್ಕದವನ್ನೂ ಕಂಗಾಲಾದ ಒಡೆಯರಿಂದ ಅಗ್ಗಕ್ಕೆ ಕೊಂಡು, ತನ್ನ ಕಟ್ಟಡ ಕೆಲಸದ ಗುಲಾಮರಿಂದ ಮತ್ತೆ ಕಟ್ಟಿಸುತ್ತಿದ್ದನೆಂದು ಪ್ರಾಚೀನ ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿದ್ದಾನೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದನ್ನು ಇಷ್ಟು ವ್ಯವಸ್ಥಿತವಾದ ಉದ್ಯಮವನ್ನಾಗಿ ಮಾಡಿದವರು ವಿರಳ. ತೆರಿಗೆಯನ್ನಂತೂ ಆತ ಕೇಳಲಿಲ್ಲ.

ವಿಮಾ ಕಂಪನಿಗಳು ನೋಡಿಕೊಳ್ಳಲಿ ಎನ್ನುವ ಜಾಣರ ವಾದ ಕೊಂಚ ಹೆಚ್ಚು ಗೌರವಕ್ಕೆ ಅರ್ಹ, ಏಕೆಂದರೆ ಲಂಡನ್ ಅದನ್ನು ಮೂರು ದಶಕ ಪರೀಕ್ಷಿಸಿತು. 1833ರಲ್ಲಿ ಅಲ್ಲಿನ ವಿಮಾ ಕಂಪನಿಗಳು ಸೇರಿ ಜೇಮ್ಸ್ ಬ್ರೇಡ್‌ವುಡ್ ಎಂಬುವರ ನೇತೃತ್ವದಲ್ಲಿ ಒಂದು ದಳ ಕಟ್ಟಿದವು, ನಗರವು ಅದನ್ನು ಆನಂದದಿಂದ ಬಳಸಿಕೊಂಡಿತು, ವಿಮೆ ಮಾಡಿಸದವರು ಇನ್ನೂ ಹೆಚ್ಚು ಆನಂದದಿಂದ ಬಳಸಿಕೊಂಡರು. 1861ರಲ್ಲಿ ಟೂಲಿ ಬೀದಿಯ ಉಗ್ರಾಣಗಳಿಗೆ ಹತ್ತಿದ ಬೆಂಕಿ ಎರಡು ವಾರ ಉರಿಯಿತು; ಕುಸಿದ ಗೋಡೆಯ ಕೆಳಗೆ ಸಿಕ್ಕಿ ಬ್ರೇಡ್‌ವುಡ್ ಸತ್ತರು. ಪರಿಹಾರ ಕೊಟ್ಟು ಸುಸ್ತಾದ ಕಂಪನಿಗಳು ಪ್ರೀಮಿಯಂ ಏರಿಸಿದವು, ಈ ಭಾರ ಇನ್ನು ನಮ್ಮಿಂದಾಗದು ಎಂದು ಸರ್ಕಾರಕ್ಕೆ ಕೈಮುಗಿದವು. ಕೊನೆಗೆ 1865ರ ಕಾಯ್ದೆಯಂತೆ ಸಾರ್ವಜನಿಕ ದಳವೊಂದು ಹುಟ್ಟಿದಾಗ ನಾಗರಿಕರ ಮೇಲೆ ಹಾಕಿದ ಕರ ಎಷ್ಟೆಂದರೆ ಆಸ್ತಿಯ ವಾರ್ಷಿಕ ಬಾಡಿಗೆ ಮೌಲ್ಯದ ಪ್ರತಿ ಪೌಂಡಿಗೆ ಅರ್ಧ ಪೆನ್ನಿ, ಅಂದರೆ 480ರಲ್ಲಿ ಒಂದು ಪಾಲು, ಅದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಸಕೂಡದು ಎಂಬ ಕಟ್ಟಿನೊಂದಿಗೆ. ಜಗತ್ತಿನ ಅತಿ ಶ್ರೀಮಂತ ನಗರ ತನ್ನ ಸುರಕ್ಷತೆಗೆ ಕಟ್ಟಿದ ಬೆಲೆಯಿದು. ಬಾಕಿಯನ್ನು ಕಂಪನಿಗಳೂ ಖಜಾನೆಯೂ ತುಂಬಬೇಕಿತ್ತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಈ ಹೊರೆಯನ್ನು ವಿಮೆ ಮಾಡಿಸಿದವರ ಪ್ರೀಮಿಯಂನಿಂದ ಎತ್ತುತ್ತಿತ್ತು, ಅಂದರೆ ಮುನ್ನೆಚ್ಚರಿಕೆ ವಹಿಸುವುದಕ್ಕೇ ದಂಡ. ಅದನ್ನು ಎಲ್ಲ ಆಸ್ತಿದಾರರ ಮೇಲೆ ಹಂಚಲು ಹೊರಟ ಸರ್ಕಾರ 2017ರಲ್ಲಿ, ಜಾರಿಗೆ ಇನ್ನೇನು ಕೆಲವು ವಾರಗಳಿವೆ ಎನ್ನುವಾಗ, ಕೂಗಾಟಕ್ಕೆ ಬೆದರಿ ಕೈಬಿಟ್ಟಿತು. ಪಕ್ಕದ ವಿಕ್ಟೋರಿಯಾ ರಾಜ್ಯ 2025ರಲ್ಲಿ ಇಂಥದೇ ಕರವನ್ನು ಹಿಗ್ಗಿಸಿದಾಗ ರೈತರ ಜೊತೆಗೆ ಸ್ವಯಂಸೇವಕ ಅಗ್ನಿಶಾಮಕರೇ ಬೀದಿಗಿಳಿದರು. ಸಂಬಳವಿಲ್ಲದೆ ಬೆಂಕಿ ನಂದಿಸುವವನು ಅದೇ ಹೆಸರಿನ ಕರವನ್ನೂ ಕಟ್ಟಬೇಕೆಂದರೆ ಅವನ ಸಿಟ್ಟಿನಲ್ಲಿ ನ್ಯಾಯವಿದೆ ಎಂದು ಒಪ್ಪಬೇಕು. ನನ್ನ ತಕರಾರು, ಏನನ್ನೂ ನಂದಿಸದೆ ಅವನ ಬೆನ್ನ ಹಿಂದೆ ನಿಂತು ಘೋಷಣೆ ಕೂಗುವವರ ಬಗ್ಗೆ.

ಇಷ್ಟಾದರೂ ಜನಾಭಿಪ್ರಾಯ ಬದಲಾಗುವುದೇ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಸುರಕ್ಷತೆಗಾಗಿ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆಯನ್ನು ಕಾಯಂ ಮಾಡುವ ಪ್ರಸ್ತಾವ 1993ರ ನವೆಂಬರ್ 2ರಂದು ಮತಕ್ಕೆ ಬಂತು. ಅಕ್ಟೋಬರ್ 27ರಂದು ಲಗೂನಾ ಬೀಚಿನಲ್ಲಿ ನೂರಾರು ಮನೆಗಳು ಸುಟ್ಟಿದ್ದವು. ಮತದಾನದ ದಿನವೇ ಮಾಲಿಬುವಿನ ಬೆಟ್ಟಗಳಿಗೆ ಬೆಂಕಿ ಬಿತ್ತು. ಪ್ರಸ್ತಾವ ಗೆದ್ದಿತು. ಇಷ್ಟು ಪ್ರಾಮಾಣಿಕ ಪ್ರಚಾರಕ ಯಾವ ಪಕ್ಷಕ್ಕೂ ಸಿಕ್ಕಿಲ್ಲ, ಆದರೂ ಆತ ಗಳಿಸಿಕೊಟ್ಟ ಹಣದ ದೊಡ್ಡ ಪಾಲು ಹೋದದ್ದು ಶೆರಿಫ್ ಎಂಬ ಕೌಂಟಿ ಪೊಲೀಸ್ ಮುಖ್ಯಸ್ಥರ ಕಚೇರಿ, ಸೆರೆಮನೆಗಳ ಕಡೆಗೆ. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಮ್ಮ ಹಿರಿಯರು ಹಾಸ್ಯ ಮಾಡಿದ್ದರು. ತೋಡಿದ ಬಾವಿಯ ನೀರನ್ನು ಬೇರೆಡೆಗೆ ತಿರುಗಿಸುವವರು ಅವರ ಕಲ್ಪನೆಗೆ ಬಂದಿರಲಾರದು.

ಆದ್ದರಿಂದ ಆಡಳಿತಗಳಿಗೆ ನನ್ನ ವಿನಮ್ರ ಸೂಚನೆಯೆಂದರೆ, ಪ್ರಶ್ನಾವಳಿಯನ್ನು ಅಂಚೆಯಲ್ಲಿ ಕಳುಹಿಸುವ ಬದಲು ಮೊದಲ ವಾಹನದಲ್ಲೇ ಇಟ್ಟು, ಹೊಗೆಯಾಡುತ್ತಿರುವ ಮನೆಯ ಬಾಗಿಲಲ್ಲಿ ಯಜಮಾನರ ಕೈಗೆ ಪೆನ್ನಿನ ಸಮೇತ ಕೊಡಬೇಕು, ಮತ್ತು ಭರ್ತಿ ಮಾಡಲು 3 ನಿಮಿಷ 40 ಸೆಕೆಂಡುಗಳ ಉದಾರ ಕಾಲಾವಕಾಶ ನೀಡಬೇಕು. ತೆರಿಗೆ ಏರಿಕೆಗೆ ಒಪ್ಪಿಗೆ ಅಂದು ಖಂಡಿತ ಸಿಗುತ್ತದೆ, ಬಹುಶಃ ಕೇಳಿದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಹಾಗಿದ್ದೂ ಹಾಳೆಯ ಕೊನೆಯಲ್ಲಿ ‘ಇತರ ಸಲಹೆಗಳು’ ಎಂಬ ಖಾಲಿ ಜಾಗದಲ್ಲಿ ಯಾರಾದರೊಬ್ಬರು, ನೀರನ್ನು ದಯವಿಟ್ಟು ಸ್ವಲ್ಪ ನೋಡಿಕೊಂಡು ಹಾಯಿಸಿ, ಸೋಫಾದ ಕಂತು ಇನ್ನೂ ತೀರಿಲ್ಲ ಎಂದು ಬರೆದೇ ತೀರುತ್ತಾರೆ.